ಕನ್‌ಫರ್ಮೇಶನ್ ಆದಮೇಲೂ ಮಕ್ಕಳ ನಂಬಿಕೆ ನಿಲ್ಲಬೇಕಾದರೆ ಮನೆಯಲ್ಲಿ ಏನು ಮಾಡಬೇಕು?

ಹೆಣ್ಣೂರಿನ ತಾಯಿ:
ಎಲ್ಲರಿಗೂ ವಂದನೆಗಳು. ಬೆಂಗಳೂರಿನ ನಮ್ಮ ಕನ್ನಡ ಕ್ರೈಸ್ತ ಸಭೆಗಳಲ್ಲಿ ಇದು ಎಲ್ಲರ ಕಣ್ಣಿಗೂ ಬೀಳುತ್ತಿದೆ. ಒಂದನೇ ಕ್ಲಾಸಿನಿಂದ ಭಾನುವಾರ ಶಾಲೆಗೆ ಬಂದ ಮಕ್ಕಳು, ವಿಬಿಎಸ್‌ನಲ್ಲಿ (ರಜೆಯ ಬೈಬಲ್ ಶಾಲೆ) ಬಹುಮಾನ ತಗೊಂಡವರು, ಕನ್‌ಫರ್ಮೇಶನ್ (ಸಭೆಯ ಮುಂದೆ ತಾವೇ ನಂಬಿಕೆ ಒಪ್ಪಿಕೊಳ್ಳುವ ವಿಧಿ) ಆದವರು ಸೆಕೆಂಡ್ ಪಿಯುಸಿ ಮುಗಿಯುವ ಹೊತ್ತಿಗೆ ಕಾಣುವುದೇ ಇಲ್ಲ. ಕ್ರಿಸ್ಮಸ್‌ಗೆ ಬಂದರೆ ಬಂದರು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಏನು ಮಾಡಬೇಕು, ಹದಿನೈದರ ಹುಡುಗ ಹುಡುಗಿಯರಿರುವ ಮನೆಯಲ್ಲಿ ಏನು? ದಯವಿಟ್ಟು ಸಾಕ್ಷಿ (ಸ್ವಂತ ಅನುಭವದ ಕಥೆ) ಬೇಡ, ವಿಧಾನ ಬರೆಯಿರಿ. ಪ್ರಾರ್ಥನೆ ಮಾಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಅದರ ಜೊತೆಗೆ ಸೋಮವಾರ ಬೆಳಿಗ್ಗೆಯಿಂದ ಮಾಡಬೇಕಾದ್ದೇನು ಅಂತ ತಿಳಿಯಬೇಕು.

ಭಾನುವಾರ ಶಾಲೆ ಶಿಕ್ಷಕಿ:
ಅಕ್ಕ, ಮೊದಲು ಸಮಯದ ಲೆಕ್ಕ ನೋಡೋಣ. ವರ್ಷಕ್ಕೆ 52 ಭಾನುವಾರ. ಬೇಸಿಗೆ ರಜೆ, ದಸರಾ ರಜೆ, ಪರೀಕ್ಷೆ, ಕ್ರಿಸ್ಮಸ್ ಕಾರ್ಯಕ್ರಮದ ರಿಹರ್ಸಲ್ ಎಲ್ಲ ಕಳೆದರೆ ಪಾಠ ನಡೆಯುವುದು ಹೆಚ್ಚೆಂದರೆ 40 ಸಲ. ಒಂದು ತಾಸಿನಲ್ಲಿ ಹಾಜರಿ, ಹಾಡು, ಕಾಣಿಕೆ, ಬಾಯಿಪಾಠ ಒಪ್ಪಿಸುವುದು ಹೋಗಿ ಪಾಠಕ್ಕೆ ಉಳಿಯುವುದು 25 ನಿಮಿಷ. ಒಟ್ಟು 1000 ನಿಮಿಷ, ಅಂದರೆ ಹದಿನೇಳು ಗಂಟೆಗೂ ಕಡಿಮೆ. ಮನೆಯಲ್ಲಿ ದಿನಕ್ಕೆ 10 ನಿಮಿಷ, ವರ್ಷದಲ್ಲಿ 300 ದಿನ ಕೂತರೂ 50 ಗಂಟೆ ಆಗುತ್ತದೆ. ಮೂರು ಪಟ್ಟು. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಸಂಡೇ ಸ್ಕೂಲ್ ಶುರುಮಾಡಿದ್ದು ವಾರವಿಡೀ ದುಡಿಯುತ್ತಿದ್ದ, ಅಕ್ಷರ ಬಾರದ ಬಡ ಮಕ್ಕಳಿಗಾಗಿ. ಮನೆಯ ಕೆಲಸವನ್ನು ಶಿಕ್ಷಕರಿಗೆ ಒಪ್ಪಿಸಿಬಿಡಲು ಹುಟ್ಟಿದ ಏರ್ಪಾಡು ಅದಲ್ಲ.

ಹತ್ತು ನಿಮಿಷವನ್ನು ಹೀಗೆ ಹಂಚಿಕೊಳ್ಳಿ. ಒಂದು ಗೀತೆಯ ಎರಡು ಚರಣ, ಎರಡು ನಿಮಿಷ. ಎಂಟರಿಂದ ಹನ್ನೆರಡು ವಚನ ಓದುವುದು, ಎರಡು ನಿಮಿಷ. ಓದಿದ್ದರ ಬಗ್ಗೆ ಒಂದೇ ಒಂದು ಪ್ರಶ್ನೆ, ಮೂರು ನಿಮಿಷ. ಆಮೇಲೆ ಒಬ್ಬೊಬ್ಬರದೂ ಒಂದೊಂದು ವಾಕ್ಯದ ಪ್ರಾರ್ಥನೆ, ಕೊನೆಗೆ ಎಲ್ಲರೂ ಕೂಡಿ ಕರ್ತನ ಪ್ರಾರ್ಥನೆ. ಫೋನುಗಳು ಬೇರೆ ಕೋಣೆಯಲ್ಲಿರಲಿ. ಬೈಬಲನ್ನು ಫೋನಿನಲ್ಲಿ ಓದಿದರೆ ಮಧ್ಯೆ ಮೆಸೇಜ್ ಬಂದೇ ಬರುತ್ತದೆ, ಪುಸ್ತಕವನ್ನೇ ಇಟ್ಟುಕೊಳ್ಳಿ.

ಗಡಿಯಾರಕ್ಕೆ ಕಟ್ಟಿಹಾಕಬೇಡಿ. "ರಾತ್ರಿ ಎಂಟೂವರೆಗೆ" ಅಂದರೆ ರಿಂಗ್ ರೋಡ್ ಟ್ರಾಫಿಕ್ಕಿನಲ್ಲಿ ಎರಡೇ ವಾರಕ್ಕೆ ತಪ್ಪುತ್ತದೆ. ಊಟಕ್ಕೆ ಕಟ್ಟಿ: ಕೈ ತೊಳೆದ ಕೂಡಲೇ, ಟಿವಿ ಹಾಕುವ ಮೊದಲು. ಮನೆಯಲ್ಲಿ ಯಾರಿದ್ದಾರೋ ಅಷ್ಟೇ ಜನ ಕೂರಲಿ. ಎಲ್ಲರೂ ಬರಲಿ ಅಂತ ಕಾಯುವ ಮನೆಗಳಲ್ಲಿ ಕುಟುಂಬ ಪ್ರಾರ್ಥನೆ ನಿಂತೇ ಹೋಗುತ್ತದೆ.

ಕೆಡುವುದು ಎಲ್ಲಿ? ಮೊದಲನೆಯದು ಉದ್ದ. ಅಪ್ಪ ಇಪ್ಪತ್ತು ನಿಮಿಷ ಪ್ರಾರ್ಥಿಸಿದರೆ ಆರು ವರ್ಷದ ಮಗು ಕಲಿಯುವುದು ಕಣ್ಣು ಮುಚ್ಚಿಕೊಂಡು ಬೇರೇನೋ ಯೋಚಿಸುವುದನ್ನು. ಎರಡನೆಯದು ಇನ್ನೂ ಹೆಚ್ಚು ಹಾನಿ ಮಾಡುತ್ತದೆ, ಪ್ರಾರ್ಥನೆಯಲ್ಲೇ ಬೈಯುವುದು. "ಕರ್ತನೇ, ಈ ಹುಡುಗ ಮೊಬೈಲ್ ಬಿಟ್ಟು ಓದುವ ಹಾಗೆ ಬುದ್ಧಿ ಕೊಡು" ಅಂತ ಅವನ ಮುಂದೆಯೇ ಹೇಳಿದರೆ ಆ ಮಾತು ಹೋಗುತ್ತಿರುವುದು ದೇವರಿಗಲ್ಲ, ತನಗೆ ಅಂತ ಅವನಿಗೆ ಗೊತ್ತಾಗುತ್ತದೆ. ಹೇಳಬೇಕಾದ್ದನ್ನು ಪ್ರಾರ್ಥನೆಯ ಹೊರಗೆ ನೇರವಾಗಿ ಹೇಳಿ.

ಯೂನಿಕೆ:
ಮೇಲಿನದಕ್ಕೆ ಸೇರಿಸುತ್ತೇನೆ. ಧರ್ಮೋಪದೇಶಕಾಂಡ 6:7ರಲ್ಲಿ ನಾಲ್ಕು ಹೊತ್ತು ಇವೆ: ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಕೂತು ಮಾಡುವ ಕುಟುಂಬ ಪ್ರಾರ್ಥನೆ ಅದರಲ್ಲಿ ಒಂದು ಮಾತ್ರ. ಬೈಕಿನಲ್ಲಿ, ಬಸ್ಸಿನಲ್ಲಿ, ಶಾಲೆಯ ವ್ಯಾನಿಗೆ ಕಾಯುವಾಗ ಮಕ್ಕಳು ತಾವಾಗಿ ಮಾತಾಡುತ್ತಾರೆ. ಮುಖ ನೋಡಿ ಕೂರಿಸಿದರೆ ಬಾಯಿ ಬಿಡದ ಹುಡುಗ ಹೆಗಲಿಗೆ ಹೆಗಲು ಕೊಟ್ಟು ನಡೆಯುವಾಗ ಬಿಡುತ್ತಾನೆ. ಆ ಹೊತ್ತಿಗೆ ಪಾಠ ತುಂಬಬೇಡಿ, ಕೇಳಿಸಿಕೊಳ್ಳಿ.

ಮೂರರಿಂದ ಆರು ವರ್ಷದವರಿಗೆ ಬೇಕಾದ್ದು ಕಡಿಮೆ. ಊಟದ ಮುಂಚೆ ಸ್ತೋತ್ರ, ಮಲಗುವಾಗ "ಇವತ್ತು ಯಾವುದಕ್ಕೆ ಯೇಸಪ್ಪನಿಗೆ ಥ್ಯಾಂಕ್ಸ್ ಹೇಳೋಣ?" ಎಂಬ ಪ್ರಶ್ನೆ, ಹತ್ತು ಹನ್ನೆರಡು ಕಥೆಗಳನ್ನು ಮತ್ತೆ ಮತ್ತೆ ಹೇಳುವುದು. ಒಂದನ್ನೇ ಇಪ್ಪತ್ತು ಸಲ ಕೇಳಿದರೂ ಅವರಿಗೆ ಬೇಜಾರಾಗುವುದಿಲ್ಲ, ನಮಗೇ ಆಗುವುದು. ಒಂದನ್ನು ಮಾತ್ರ ಬಿಟ್ಟುಬಿಡಿ: "ಹಠ ಮಾಡಿದರೆ ದೇವರು ಕಣ್ಣು ಕೀಳ್ತಾನೆ." ಅಜ್ಜಿಯರು ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ನಾಲ್ಕು ವರ್ಷಕ್ಕೆ ಕೂತ ಹೆದರಿಕೆ ಹದಿನಾಲ್ಕಕ್ಕೆ ಕಳೆಯುವಾಗ ಅದರ ಜೊತೆ ದೇವರೂ ಹೋಗುತ್ತಾನೆ.

ಏಳರಿಂದ ಹತ್ತರವರೆಗೆ ಕಥೆಗಳನ್ನು ಕ್ರಮದಲ್ಲಿ ಜೋಡಿಸಿ: ಸೃಷ್ಟಿ, ಅಬ್ರಹಾಮ, ಯೋಸೇಫ, ಮೋಶೆ, ದಾವೀದ, ಬಾಬೆಲಿನ ಸೆರೆ, ಯೇಸು, ಶಿಲುಬೆ, ಪುನರುತ್ಥಾನ, ಅಪೊಸ್ತಲರು. ಬಿಡಿ ಬಿಡಿಯಾಗಿ ಕಲಿತ ಮಗುವಿಗೆ ದಾವೀದ ಮೊದಲೋ ಮೋಶೆ ಮೊದಲೋ ತಿಳಿಯುವುದಿಲ್ಲ. ಇನ್ನೊಂದು, ಪ್ರತಿ ಕಥೆಗೂ ನೀತಿ ಅಂಟಿಸಬೇಡಿ. ದಾವೀದನ ಹಾಗೆ ಧೈರ್ಯವಾಗಿರು, ದಾನಿಯೇಲನ ಹಾಗೆ ಪ್ರಾರ್ಥಿಸು, ಸಮುವೇಲನ ಹಾಗೆ ವಿಧೇಯನಾಗಿರು ಎಂದಷ್ಟೇ ಕೇಳಿ ಬೆಳೆದವನಿಗೆ ಕ್ರೈಸ್ತ ನಂಬಿಕೆ ಎಂದರೆ ಒಳ್ಳೆಯ ಹುಡುಗನಾಗಿರುವುದು ಅಂತ ಆಗಿಬಿಡುತ್ತದೆ. ಅವನು ಒಂದು ದಿನ ದೊಡ್ಡದಾಗಿ ತಪ್ಪುತ್ತಾನೆ, ಆವತ್ತು "ನನಗೆ ಇಲ್ಲಿ ಜಾಗವಿಲ್ಲ" ಅನ್ನಿಸುತ್ತದೆ. ದಾವೀದನ ಪಾಪವನ್ನೂ ಅವನ ಪಶ್ಚಾತ್ತಾಪದ 51ನೇ ಕೀರ್ತನೆಯನ್ನೂ ವಯಸ್ಸಿಗೆ ತಕ್ಕ ಮಾತಿನಲ್ಲಿ ಹೇಳಿ. ಪೇತ್ರ ಮೂರು ಸಲ ನಿರಾಕರಿಸಿದ್ದನ್ನು ಹೇಳುವಾಗ ಯೇಸು ಅವನನ್ನು ಮತ್ತೆ ಸೇರಿಸಿಕೊಂಡ ಯೋಹಾನ 21ರ ದಡದ ಮಾತುಕತೆಯನ್ನು ಬಿಡಬೇಡಿ.

ಲಿಂಗರಾಜಪುರ:
ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಆದರೆ ಇಂಗ್ಲಿಷ್ ಮೀಡಿಯಂ. ಸತ್ಯವೇದ (ಕನ್ನಡ ಬೈಬಲ್) ಕೊಟ್ಟರೆ ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಅರ್ಥ ಹಾರಿಹೋಗುತ್ತೆ. ಏನು ಮಾಡೋದು?

ಬೆರೋಯದವನು:
ಎರಡು ಕೆಲಸಗಳನ್ನು ಬೇರೆ ಮಾಡಿ, ಬ್ರದರ್. ಮಗು ಒಬ್ಬನೇ ಕೂತು ಓದುವುದು ಅವನಿಗೆ ಸಲೀಸಾದ ಭಾಷೆಯಲ್ಲಿರಲಿ, ಇಂಗ್ಲಿಷಾದರೆ ಇಂಗ್ಲಿಷ್. ಮನೆಯವರೆಲ್ಲ ಕೂಡಿ ಓದುವುದು, ಹಾಡುವುದು, ಬಾಯಿಪಾಠ ಕನ್ನಡದಲ್ಲಿರಲಿ. 23ನೇ ಕೀರ್ತನೆ, 121ನೇ ಕೀರ್ತನೆ, ಕರ್ತನ ಪ್ರಾರ್ಥನೆ, ವಿಶ್ವಾಸಪ್ರಮಾಣ (ಕ್ರೈಸ್ತ ನಂಬಿಕೆಯ ಸಾರ ಹೇಳುವ ಮಾತು), ಹತ್ತು ಆಜ್ಞೆಗಳು ಇವಿಷ್ಟು ಕನ್ನಡದಲ್ಲಿ ಬಾಯಿಗೆ ಬಂದರೆ ಅಜ್ಜ ಅಜ್ಜಿಯ ಜೊತೆ, ಆಸ್ಪತ್ರೆಯಲ್ಲಿ, ಸಾವಿನ ಮನೆಯಲ್ಲಿ ಅವನೂ ಪ್ರಾರ್ಥಿಸಬಲ್ಲ. ಹಳೆಯ ಭಾಷಾಂತರ ಭಾರವಾದರೆ ಈಗಿನ ಸರಳ ಕನ್ನಡದ ಭಾಷಾಂತರಗಳು ಸಿಗುತ್ತವೆ. ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಗೆ ಮಗುವನ್ನೇ ಕರೆದುಕೊಂಡು ಹೋಗಿ ಎರಡು ಮೂರನ್ನು ತೆರೆದು ಒಂದೇ ಅಧ್ಯಾಯ ಓದಿಸಿ, ಯಾವುದು ತಿಳಿಯಿತೋ ಅದನ್ನು ಕೊಳ್ಳಿ.

ಹತ್ತು ಹನ್ನೊಂದರಲ್ಲಿ ಸ್ವಂತ ಓದು ಶುರುವಾಗಬೇಕು. ಆದಿಕಾಂಡದಿಂದ ಹಚ್ಚಿದರೆ ಉತ್ಸಾಹ ಯಾಜಕಕಾಂಡದಲ್ಲಿ ಸತ್ತುಹೋಗುತ್ತದೆ. ಮಾರ್ಕನಿಂದ ಶುರುಮಾಡಿ. ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, 16 ಅಧ್ಯಾಯ, ಓಟ ಇರುವ ಬರಹ. ದಿನಕ್ಕೆ ಹನ್ನೆರಡು ವಚನದಂತೆ ಹೋದರೆ ಎಂಟು ವಾರದಲ್ಲಿ ಮುಗಿಯುತ್ತದೆ. ಆಮೇಲೆ ಲೂಕ, ಅಪೊಸ್ತಲರ ಕೃತ್ಯಗಳು, ನಂತರ ಆದಿಕಾಂಡ ಮತ್ತು ವಿಮೋಚನಕಾಂಡದ ಮೊದಲ ಇಪ್ಪತ್ತು ಅಧ್ಯಾಯ. ಪಕ್ಕದಲ್ಲಿ ಒಂದು ನೂರು ಪುಟದ ನೋಟ್‌ಬುಕ್. ದಿನವೂ ಬರೆಯಬೇಕಾದ್ದು ಎರಡೇ: ಇಲ್ಲಿ ಯೇಸು ಏನು ಮಾಡಿದ, ನನಗೆ ಏನು ಅರ್ಥವಾಗಲಿಲ್ಲ. ಎರಡನೆಯದೇ ಮುಖ್ಯ. ಆ ನೋಟ್‌ಬುಕ್ ಅವನದು, ಕೇಳದೆ ತೆರೆಯಬೇಡಿ.

ಶಿವಾಜಿನಗರದ ಜಪಸರ:
ಕಥೋಲಿಕ ಮನೆಗಳ ಕಡೆಯಿಂದ ಕೆಲವು ಮಾತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 914ನೇ ಕಲಮಿನಂತೆ ಮಗುವನ್ನು ಪ್ರಥಮ ಪರಮಪ್ರಸಾದಕ್ಕೆ (ಮೊದಲ ಹೋಲಿ ಕಮ್ಯುನಿಯನ್) ಸಿದ್ಧಪಡಿಸುವ ಹೊಣೆ ಮೊದಲು ತಂದೆತಾಯಿಯದು, ಜೊತೆಗೆ ಧರ್ಮಕೇಂದ್ರದ ಗುರುಗಳದು. ನಾವು ಅದನ್ನು ಪೂರ್ತಿ ಧರ್ಮೋಪದೇಶದ ಸಿಸ್ಟರ್‌ಗೆ ಬಿಟ್ಟಿದ್ದೇವೆ. ಬಿಳಿ ಉಡುಪು, ಕೇಕ್, ಫೋಟೋ ಎಲ್ಲ ಆಗುತ್ತದೆ, ಮುಂದಿನ ಪಾಪನಿವೇದನೆ ಯಾವಾಗ ಎಂದು ಯಾರೂ ಕೇಳುವುದಿಲ್ಲ. ತಿಂಗಳಿಗೊಮ್ಮೆ ಮನೆಮಂದಿಯೆಲ್ಲ ಹೋಗಿ. ಅಪ್ಪ ಸಾಲಿನಲ್ಲಿ ನಿಂತದ್ದನ್ನು ಕಂಡ ಮಗುವಿಗೆ ವಿವರಣೆ ಬೇಕಾಗುವುದಿಲ್ಲ.

ಜ್ಞಾನಪೋಷಕರನ್ನು (ಜ್ಞಾನಸ್ನಾನದಲ್ಲಿ ಮಗುವಿನ ಜೊತೆ ನಿಲ್ಲುವ ಗಾಡ್‌ಪೇರೆಂಟ್ಸ್) ಆರಿಸುವಾಗ ನೆಂಟಸ್ತಿಕೆ ನೋಡಬೇಡಿ. 874ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ 16 ತುಂಬಿರಬೇಕು, ದೃಢೀಕರಣ (ಕನ್‌ಫರ್ಮೇಶನ್) ಹೊಂದಿರಬೇಕು, ವಿಶ್ವಾಸಕ್ಕೆ ತಕ್ಕಂತೆ ಬಾಳುತ್ತಿರಬೇಕು, ಮಗುವಿನ ತಂದೆತಾಯಿ ಆಗಿರಬಾರದು. ದೃಢೀಕರಣಕ್ಕೂ ಅವರೇ ಪೋಷಕರಾಗಿ ನಿಲ್ಲುವುದು ಒಳ್ಳೆಯದೆಂದು 893 ಹೇಳುತ್ತದೆ. ಅವರಿಗೆ ಕೆಲಸ ಕೊಡಿ: ಜ್ಞಾನಸ್ನಾನದ ದಿನಾಂಕದಂದು ವರ್ಷಕ್ಕೊಮ್ಮೆ ಮನೆಗೆ ಬರುವುದು, ಹದಿಮೂರರಿಂದ ತಿಂಗಳಿಗೊಂದು ಫೋನ್. ಆ ವಯಸ್ಸಿನಲ್ಲಿ ಅಪ್ಪ ಅಮ್ಮನ ಹತ್ತಿರ ಹೇಳಲಾರದ್ದನ್ನು ಹೇಳಿಕೊಳ್ಳಲು ನಂಬಿಕೆಯುಳ್ಳ ಇನ್ನೊಬ್ಬ ಹಿರಿಯರು ಬೇಕೇ ಬೇಕು.

ಜಪಸರದಲ್ಲಿ (ರೋಸರಿ) ಚಿಕ್ಕವರಿಗೆ ಐವತ್ಮೂರು ಮಣಿ ಬೇಡ. ಒಂದು ದಶಕ, ಹತ್ತು ಮಣಿ, ಒಬ್ಬರಿಗಾಗಿ ಹೆಸರು ಹೇಳಿ ಪ್ರಾರ್ಥಿಸುವುದು, ಸಾಕು. ಆಗಸ್ಟ್ 29ರಿಂದ ಸಂತ ಮೇರಿ ಬೆಸಿಲಿಕಾದ ನವೇನಕ್ಕೆ (ಒಂಬತ್ತು ದಿನದ ಪ್ರಾರ್ಥನೆ) ಕರೆದೊಯ್ಯುವವರು ಸೆಪ್ಟೆಂಬರ್ 8ರ ಹಬ್ಬದ ಜನಜಂಗುಳಿ ಮಾತ್ರ ತೋರಿಸದೆ, ನಡುವಿನ ಒಂದು ದಿನ ನೆಮ್ಮದಿಯಾಗಿ ಕೂತು ಬನ್ನಿ.

ಕೆಂಗೇರಿ ಯೂತ್:
ಹದಿಮೂರರ ಮೇಲಿನವರ ಬಗ್ಗೆ ಬರೆಯುತ್ತೇನೆ, ನಷ್ಟ ಆಗುತ್ತಿರುವುದು ಅಲ್ಲೇ. ಅವರು ಕೇಳುವ ಪ್ರಶ್ನೆಗೆ "ಹಾಗೆಲ್ಲ ಕೇಳಬಾರದು" ಎಂದರೆ ಪ್ರಶ್ನೆ ಹೋಗುವುದಿಲ್ಲ, ಯೂಟ್ಯೂಬಿಗೆ ಹೋಗುತ್ತದೆ. ಮಾಡಬೇಕಾದ್ದು ಇಷ್ಟು: ಮೊದಲು ಪೂರ್ತಿ ಕೇಳಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಶನಿವಾರ ಕೂತು ನೋಡೋಣ" ಎನ್ನಿ. ಶನಿವಾರ ತಪ್ಪಿಸಬೇಡಿ. ಒಂದು ಸಲ ತಪ್ಪಿಸಿದರೆ ಎರಡನೇ ಪ್ರಶ್ನೆ ಬರುವುದಿಲ್ಲ.

ಈ ಊರಿನ ಮಕ್ಕಳಿಂದ ಪದೇ ಪದೇ ಬರುವ ಪ್ರಶ್ನೆಗಳಿವು.

"ವಿಜ್ಞಾನ ಒಂದು ಹೇಳುತ್ತೆ, ಆದಿಕಾಂಡ ಇನ್ನೊಂದು." ಸೃಷ್ಟಿಯ ಆರು ದಿನಗಳನ್ನು ಕ್ರೈಸ್ತರೆಲ್ಲರೂ ಒಂದೇ ರೀತಿ ಓದುವುದಿಲ್ಲ, ಅದನ್ನು ಮುಚ್ಚಿಡಬೇಡಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದ, ಇಂದು ಬಿಗ್ ಬ್ಯಾಂಗ್ ಎನ್ನುವ ವಿಚಾರಕ್ಕೆ 1931ರಲ್ಲಿ ಬುನಾದಿ ಹಾಕಿದ ಜಾರ್ಜ್ ಲಮೇತ್ರ್ ಒಬ್ಬ ಕಥೋಲಿಕ ಗುರು. ಬಟಾಣಿ ಗಿಡಗಳಲ್ಲಿ ಅನುವಂಶೀಯತೆಯ ನಿಯಮ ಕಂಡ ಮೆಂಡೆಲ್ ಮಠದ ಸನ್ಯಾಸಿ. ಇವರ ಹೆಸರು ವಿಜ್ಞಾನದ ಪಾಠದಲ್ಲೇ ಬರುತ್ತದೆ. ಎರಡರಲ್ಲಿ ಒಂದನ್ನು ಬಿಡಲೇಬೇಕು ಎಂಬ ಒತ್ತಡ ಆಗ ಇಳಿಯುತ್ತದೆ.

"ನಿಮ್ಮದು ಫಾರಿನ್ ಧರ್ಮ, ದುಡ್ಡಿಗೆ ಸೇರಿದವರು ಅಂತ ಕ್ಲಾಸಿನಲ್ಲಿ ಹೇಳ್ತಾರೆ." ಕೋಪದ ಉತ್ತರ ಕಲಿಸಬೇಡಿ, ಇತಿಹಾಸ ಕಲಿಸಿ. ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದು ದುಡಿದ ಇಡೀ ಕನ್ನಡ ಬೈಬಲ್ 1831ರ ಹೊತ್ತಿಗೇ ಮುದ್ರಣವಾಗಿತ್ತು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು 1843ರಲ್ಲಿ ತಂದವರು ಹರ್ಮನ್ ಮೊಗ್ಲಿಂಗ್. 1894ರಲ್ಲಿ ಕಿಟೆಲ್ ನಿಘಂಟು ಬಂತು, ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆಯೇ ಇದೆ, ತೋರಿಸಿ. ಜೊತೆಗೆ ನಿಮ್ಮ ಮನೆತನದಲ್ಲಿ ಮೊದಲು ನಂಬಿದವರು ಯಾರು, ಯಾವ ಊರು, ಏಕೆ ನಂಬಿದರು ಎಂಬುದನ್ನು ಅಜ್ಜನ ಬಾಯಿಂದ ಕೇಳಿ ಬರೆಸಿ.

"ನನ್ನ ಫ್ರೆಂಡ್ಸ್ ಎಲ್ಲ ಹಿಂದೂಗಳು, ಮುಸ್ಲಿಮರು. ಅವರ ಗತಿ?" ಯೋಹಾನ 14:6ನ್ನು (ನನ್ನ ಮೂಲಕವೇ ಹೊರತು ಯಾರೂ ತಂದೆಯ ಬಳಿಗೆ ಬರುವುದಿಲ್ಲ ಎಂಬ ಯೇಸುವಿನ ಮಾತು) ಸಣ್ಣದು ಮಾಡಬೇಡಿ. ಅದೇ ಉಸಿರಿನಲ್ಲಿ ಆದಿಕಾಂಡ 18:25 ಓದಿಸಿ: ಸರ್ವಲೋಕಕ್ಕೆ ತೀರ್ಪು ಕೊಡುವವನು ನ್ಯಾಯವನ್ನೇ ಮಾಡುತ್ತಾನೆ. ತೀರ್ಪು ನಮ್ಮ ಕೈಯಲ್ಲಿಲ್ಲ. ಮನೆಯಲ್ಲಿ ಬೇರೆಯವರ ದೇವರನ್ನು ಅಣಕಿಸುವ ಮಾತು ಕೂಡದು. ಗಣೇಶನ ಹಬ್ಬದ ಪ್ರಸಾದದ ವಿಷಯದಲ್ಲಿ ಕ್ರೈಸ್ತ ಮನೆಗಳು ಬೇರೆ ಬೇರೆ ನಿರ್ಧಾರ ಮಾಡುತ್ತವೆ. ವಿಗ್ರಹಕ್ಕೆ ಅರ್ಪಿಸಿದ ಆಹಾರದ ಬಗ್ಗೆ ಹೇಳುವ 1 ಕೊರಿಂಥ 8 ಮತ್ತು 10ನ್ನು ಓದಿ ಹಬ್ಬಕ್ಕೆ ಮುಂಚೆಯೇ ತೀರ್ಮಾನಿಸಿ, ಬೇಡ ಎನ್ನುವುದಾದರೆ ನಗುಮುಖದಿಂದ ಎನ್ನುವುದನ್ನೂ ಕಲಿಸಿ.

ಕೊನೆಯದು ಹೆಚ್ಚು ನೋವಿನದು: "ಅಷ್ಟು ಪ್ರಾರ್ಥಿಸಿದೆವು, ಆದರೂ ಸತ್ತುಹೋದರಲ್ಲ." "ದೇವರ ಚಿತ್ತ" ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಮಗುವಿನ ಪ್ರಾರ್ಥನೆ ಅಲ್ಲಿಗೇ ನಿಲ್ಲುತ್ತದೆ. 13ನೇ ಕೀರ್ತನೆ "ಎಷ್ಟರ ವರೆಗೆ?" ಎಂದು ನಾಲ್ಕು ಸಲ ಕೇಳುತ್ತದೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲ. ಅವು ಬೈಬಲಿನೊಳಗೇ ಇವೆ, ಅಂದರೆ ದೇವರ ಮುಂದೆ ಹೀಗೂ ಮಾತಾಡಬಹುದು. ಅವುಗಳನ್ನು ಜೊತೆಗೆ ಕೂತು ಓದಿ. ಮಾರ್ಕ 9:24ರ ತಂದೆ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಮಾತಿನಲ್ಲಿ ಹೇಳಿದ, ಯೇಸು ಅವನ ಮಗನನ್ನು ಗುಣಪಡಿಸಿದ.

ಹೆಣ್ಣೂರಿನ ತಾಯಿ:
ತುಂಬ ಉಪಕಾರ. ಚರ್ಚಿಗೆ ಬರಲ್ಲ ಅಂತ ಹದಿನೈದರವರು ಹಟ ಹಿಡಿದರೆ? ಬಲವಂತ ಮಾಡಬೇಕೋ ಬಿಡಬೇಕೋ?

ನಿವೃತ್ತ ಸಭಾಪಾಲಕ:
ಅಮ್ಮಾ, ಬಲವಂತ ಎಂಬುದರಲ್ಲಿ ಎರಡು ಬೇರೆ ವಿಷಯಗಳಿವೆ. ಭಾನುವಾರ ಕುಟುಂಬವೆಲ್ಲ ಆರಾಧನೆಗೆ ಹೋಗುವುದು ಮನೆಯ ಪದ್ಧತಿ. ಮನೆಯಲ್ಲಿರುವವರೆಗೆ ಆ ಪದ್ಧತಿಗೆ ಸೇರಿಕೊಳ್ಳಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ. ಆದರೆ "ನಾನು ನಂಬುತ್ತೇನೆ" ಎಂದು ಬಾಯಿಂದ ಹೇಳಿಸುವುದನ್ನು ಬಲವಂತ ಮಾಡಲೇಬಾರದು. ನಾವು ಇದನ್ನು ತಿರುಗಮುರುಗ ಮಾಡುತ್ತೇವೆ. ಆರಾಧನೆಗೆ ಬಾರದಿದ್ದರೆ ಸುಮ್ಮನಿರುತ್ತೇವೆ, ಕನ್‌ಫರ್ಮೇಶನ್‌ಗೆ ಮಾತ್ರ ಎಳೆದು ನಿಲ್ಲಿಸುತ್ತೇವೆ, ಏಕೆಂದರೆ ಬಿಷಪ್ ಬರುತ್ತಾರೆ, ದೊಡ್ಡಪ್ಪನ ಮಗಳೂ ಅದೇ ಬ್ಯಾಚಿನಲ್ಲಿದ್ದಾಳೆ, ಹಾಲ್ ಬುಕ್ ಆಗಿದೆ.

ಕನ್‌ಫರ್ಮೇಶನ್ ತರಗತಿ ಮುಗಿಯಲು ಒಂದು ತಿಂಗಳಿರುವಾಗಲೇ ಮಗುವಿನೊಂದಿಗೆ ಒಬ್ಬರೇ ಕೂತು ಮೂರು ಪ್ರಶ್ನೆ ಕೇಳಿ. ವಿಶ್ವಾಸಪ್ರಮಾಣದಲ್ಲಿ ಹೇಳಲು ಕಷ್ಟವಾಗುವ ಮಾತು ಯಾವುದು? ಈ ವಾಗ್ದಾನ ಮಾಡಿದರೆ ನಿನ್ನ ದಿನದಲ್ಲಿ ಏನು ಬದಲಾಗಬೇಕು? ಯಾರಿಗೂ ಬೇಜಾರಾಗುವುದಿಲ್ಲ ಎಂದಿದ್ದರೆ ಈ ವರ್ಷವೇ ತೆಗೆದುಕೊಳ್ಳುತ್ತಿದ್ದೆಯಾ? ಮೂರನೆಯದಕ್ಕೆ "ಇಲ್ಲ" ಎಂದರೆ ಮುಂದಿನ ವರ್ಷಕ್ಕೆ ಬಿಡಿ, ಅಯ್ಯನವರಿಗೆ (ಸಭಾಪಾಲಕರಿಗೆ) ನೀವೇ ತಿಳಿಸಿ, ನೆಂಟರಿಗೆ ನೀವೇ ಉತ್ತರ ಕೊಡಿ. ಆ ಭಾರವನ್ನು ಮಗುವಿನ ತಲೆಗೆ ಹಾಕಬೇಡಿ. ಒಂದು ವರ್ಷ ಕಾದು ಮನಸ್ಸಿನಿಂದ ನಿಂತವರು, ಬ್ಯಾಚಿನ ಜೊತೆ ನಿಂತವರಿಗಿಂತ ಗಟ್ಟಿ. ಸಮಾರಂಭದ ಊಟವನ್ನು ಇನ್ನೊಂದು ದಿನಕ್ಕೆ ಹಾಕಿದರೂ ಒತ್ತಡ ಅರ್ಧ ಇಳಿಯುತ್ತದೆ.

ತರಗತಿಯಲ್ಲಿ ಏನಿರಬೇಕು ಎಂದು ಕೇಳುವವರಿಗೆ: ಹತ್ತು ಆಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ. ಲೂಥರ್ 1529ರಲ್ಲಿ ಚಿಕ್ಕ ಪ್ರಶ್ನೋತ್ತರ ಬರೆದಾಗ ಮೊದಲಿಟ್ಟುಕೊಂಡದ್ದು ಈ ಮೂರನ್ನೇ, ಅದೂ ಮನೆಯ ಯಜಮಾನ ಮನೆಯವರಿಗೆ ಕಲಿಸಲೆಂದು.

ಯೂನಿಕೆ:
ಅಯ್ಯನವರ ಮಾತಿಗೆ ಒಪ್ಪುತ್ತೇನೆ, ಆದರೆ ಹಾಜರಿಯ ಬಗ್ಗೆ ಇನ್ನೊಂದು ಇದೆ. ಮಕ್ಕಳು ಬೇಸತ್ತುಕೊಳ್ಳುವುದು ಪ್ರಸಂಗಕ್ಕಿಂತ ಚರ್ಚಿನಿಂದ ಮನೆಗೆ ಬರುವ ದಾರಿಯಲ್ಲಿ. ಪಾಸ್ಟರೇಟ್ ಕಮಿಟಿ ಚುನಾವಣೆ, ಯಾರು ಯಾರ ಪಾರ್ಟಿ, ಲೆಕ್ಕದಲ್ಲಿ ಎಷ್ಟು ಕಡಿಮೆ, ಅಯ್ಯನವರ ಟ್ರಾನ್ಸ್‌ಫರ್ ಎಲ್ಲ ಹಿಂದಿನ ಸೀಟಿಗೆ ಕೇಳಿಸುತ್ತದೆ. ಕಾರಿನಲ್ಲೂ ಊಟದ ಹೊತ್ತಿನಲ್ಲೂ ಇದನ್ನು ನಿಲ್ಲಿಸಿ. ದೊಡ್ಡ ಮಕ್ಕಳಿಗೆ ಸಭೆಯಲ್ಲಿ ತಪ್ಪು ನಡೆದಿದೆ ಎಂದು ಗೊತ್ತಾದರೆ ಸುಳ್ಳು ಹೇಳಬೇಡಿ, ತಪ್ಪನ್ನು ತಪ್ಪು ಎನ್ನಿ.

ಕೆಂಗೇರಿ ಯೂತ್:
ಹನ್ನೆರಡರಿಂದ ಕೆಲಸ ಕೊಡಿ, ಸ್ಟೇಜ್ ಕೊಡಬೇಡಿ. ಹಾಡಿದರೆ ಚಪ್ಪಾಳೆ, ಡ್ಯಾನ್ಸ್ ಮಾಡಿದರೆ ಬಹುಮಾನ ಎಂದಾದರೆ ದನಿ ಒಡೆದ ವರ್ಷ ಹುಡುಗ ಮಾಯ. ಸೌಂಡ್ ಸಿಸ್ಟಂ ನೋಡಿಕೊಳ್ಳುವುದು, ಆರಾಧನೆಯಲ್ಲಿ ಬೈಬಲ್ ಪಾಠ ಓದುವುದು (ಶುಕ್ರವಾರವೇ ಕೊಟ್ಟು ಮೂರು ಸಲ ಗಟ್ಟಿಯಾಗಿ ಓದಿಸಿ), ಮನೆಯಿಂದ ಹೊರಗೆ ಬರಲಾಗದ ಒಬ್ಬ ಅಜ್ಜಿಯನ್ನು ತಿಂಗಳಿಗೊಮ್ಮೆ ದೊಡ್ಡವರೊಬ್ಬರ ಜೊತೆ ನೋಡಿಬರುವುದು. ಕಾಣಿಕೆಯೂ ಹಾಗೆಯೇ: ಪಾಕೆಟ್ ಮನಿ ನೂರು ರೂಪಾಯಿ ಕೊಟ್ಟರೆ ಹತ್ತನ್ನು ಅವನೇ ಎತ್ತಿಡಲಿ. ಚರ್ಚಿನ ಬಾಗಿಲಲ್ಲಿ ಅಮ್ಮ ಕೈಗೆ ತುರುಕಿದ ನೋಟು ಅವನ ಕಾಣಿಕೆಯಲ್ಲ.

ಭಾನುವಾರ ಶಾಲೆ ಶಿಕ್ಷಕಿ:
ಇದರ ಜೊತೆ ಹೇಳಲೇಬೇಕಾದ್ದು. ಮಕ್ಕಳ ಜೊತೆ ಯಾವ ಕಾರ್ಯಕ್ರಮವಾದರೂ ಇಬ್ಬರು ದೊಡ್ಡವರಿರಬೇಕು, ಒಂಟಿಯಾಗಿ ಬಾಗಿಲು ಹಾಕಿಕೊಂಡು ಕೌನ್ಸೆಲಿಂಗ್ ಬೇಡ, ಅದು ಯಾರೇ ಆಗಿರಲಿ. ಏನಾದರೂ ನಡೆದರೆ ಸಭೆಯೊಳಗೇ ಮುಚ್ಚಿಹಾಕುವ ಹಾಗಿಲ್ಲ. 2012ರ ಪೋಕ್ಸೋ (ಲೈಂಗಿಕ ದೌರ್ಜನ್ಯದಿಂದ ಮಕ್ಕಳ ರಕ್ಷಣೆ) ಕಾಯ್ದೆಯಂತೆ ತಿಳಿದವರು ದೂರು ಕೊಡಲೇಬೇಕು. ಮಕ್ಕಳ ಸಹಾಯವಾಣಿ 1098.

ಲಿಂಗರಾಜಪುರ:
ಕೋಚಿಂಗ್‌ನವರು ನೀಟ್, ಜೆಇಇ ಟೆಸ್ಟ್ ಎಲ್ಲ ಭಾನುವಾರವೇ ಇಡ್ತಾರೆ. ಎರಡು ವರ್ಷ ಬಿಟ್ಟುಬಿಡೋದೇ ಎಲ್ಲರೂ ಮಾಡೋದು.

ಬೆರೋಯದವನು:
"ಈ ಎರಡು ವರ್ಷ ಓದು, ಚರ್ಚು ಆಮೇಲೆ" ಎಂದು ತಂದೆತಾಯಿಯೇ ಹೇಳಿದರೆ ಯಾವುದು ಮುಖ್ಯ ಎಂಬ ಪಾಠ ಅವತ್ತೇ ಆಗಿಹೋಯಿತು. ಸೇರಿಸುವ ಮುಂಚೆಯೇ ಟೆಸ್ಟಿನ ವೇಳೆ ಕೇಳಿ. ಒಂಬತ್ತಕ್ಕೆ ಟೆಸ್ಟ್ ಇದ್ದರೆ ನಗರದಲ್ಲಿ ಬೆಳಗಿನ ಬೇಗನೆಯ ಆರಾಧನೆ ಇರುವ ಸಭೆಗಳಿವೆ. ಕಥೋಲಿಕರಿಗೆ ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಪೂಜೆಯೇ, ಧರ್ಮಸಭೆಯ ಕಾನೂನು ಸಂಹಿತೆಯ 1248ನೇ ಕಲಮು ಹಾಗೆ ಹೇಳುತ್ತದೆ. ಯಾವುದೂ ಆಗದ ವಾರ ಮನೆಯಲ್ಲಿ ಸಂಜೆ ಆರಕ್ಕೆ ಅರ್ಧ ಗಂಟೆ ಆ ವಾರದ ಪಾಠಗಳನ್ನು ಓದಿ ಪ್ರಾರ್ಥಿಸಿ. ಆ ಎರಡು ವರ್ಷದಲ್ಲಿ ಯೂತ್ ಕ್ಯಾಂಪ್, ಕ್ವೈರ್, ಕ್ಯಾರಲ್ ರೌಂಡ್ ಬಿಡಿಸಬಹುದು. ಆರಾಧನೆ ಬಿಡಿಸಬೇಡಿ.

ಶಿವಾಜಿನಗರದ ಜಪಸರ:
ಹಾಸ್ಟೆಲ್ಲಿಗೋ ಪಿಜಿಗೋ ಹೊರಡುವ ಮುಂಚೆ ಆರು ತಿಂಗಳು ಕೈಬಿಟ್ಟು ಅಭ್ಯಾಸ ಮಾಡಿಸಿ. ಎಬ್ಬಿಸಬೇಡಿ, ತಾನೇ ಎದ್ದು ಪೂಜೆಗೆ ಬರಲಿ. ಕುಟುಂಬ ಪ್ರಾರ್ಥನೆಯನ್ನು ವಾರಕ್ಕೊಂದು ದಿನ ಅವನೇ ನಡೆಸಲಿ. ಹೊಸ ಊರಿನಲ್ಲಿ ಚರ್ಚ್ ಎಲ್ಲಿದೆ, ಬಸ್ ಯಾವುದು, ವೇಳೆ ಯಾವುದು ಅಂತ ಅಡ್ಮಿಶನ್ ದಿನವೇ ನೋಡಿಬನ್ನಿ. ಮೊದಲ ಎರಡು ಭಾನುವಾರ ಹೋಗದವನು ಮೂರನೆಯದಕ್ಕೆ ಹೋಗುವುದು ಕಷ್ಟ. ಫೋನಿನಲ್ಲಿ "ಚರ್ಚಿಗೆ ಹೋದೆಯಾ?" ಎಂದು ಮಾತ್ರ ಕೇಳಿದರೆ "ಹೂಂ" ಎನ್ನುವ ಸುಳ್ಳು ಅಭ್ಯಾಸವಾಗುತ್ತದೆ. "ನಿನಗಾಗಿ ಏನು ಪ್ರಾರ್ಥಿಸಲಿ?" ಎಂದು ಕೇಳಿ.

ಹೆಣ್ಣೂರಿನ ತಾಯಿ:
ಈಗಾಗಲೇ ಹದಿನೈದು ಆಗಿದೆ, ಮನೆಯಲ್ಲಿ ಇದ್ಯಾವುದೂ ನಡೆದಿಲ್ಲ ಎನ್ನುವವರು ಎಲ್ಲಿಂದ ಹಿಡಿಯಬೇಕು?

ನಿವೃತ್ತ ಸಭಾಪಾಲಕ:
ಒಮ್ಮೆಗೇ ಎಲ್ಲ ಹೇರಬೇಡಿ, ತಿರುಗಿಬೀಳುತ್ತಾರೆ. ಮೊದಲ ತಿಂಗಳು ನೀವಿಬ್ಬರೇ, ಗಂಡ ಹೆಂಡತಿ, ರಾತ್ರಿ ಹತ್ತು ನಿಮಿಷ ಕೂತು ಓದಿ ಪ್ರಾರ್ಥಿಸಿ. ಬಾಗಿಲು ತೆರೆದಿರಲಿ, ಕರೆಯಬೇಡಿ. ಎರಡನೇ ತಿಂಗಳು ಮಕ್ಕಳನ್ನು ಕೂರಿಸಿ ನೇರವಾಗಿ ಹೇಳಿ: "ಇದನ್ನು ನಾವು ಮೊದಲೇ ಮಾಡಬೇಕಿತ್ತು, ಮಾಡಲಿಲ್ಲ. ಇನ್ನುಮುಂದೆ ವಾರಕ್ಕೆ ಎರಡು ದಿನ ಎಲ್ಲರೂ ಕೂರೋಣ. ಯಾವ ದಿನ ಅಂತ ನೀವೇ ಹೇಳಿ." ಮಾರ್ಕನ ಸುವಾರ್ತೆ ತೆಗೆದುಕೊಳ್ಳಿ. ಓದುವವರು ಸರದಿಯಂತೆ ಬದಲಾಗಲಿ, ಪ್ರಶ್ನೆಯನ್ನು ಮಕ್ಕಳು ಕೇಳಲಿ, ನೀವು ಉತ್ತರಿಸಿ. ಗಟ್ಟಿಯಾಗಿ ಪ್ರಾರ್ಥಿಸು ಎಂದು ಹದಿನೈದರವರನ್ನು ಒತ್ತಾಯಿಸಬೇಡಿ, ಕರ್ತನ ಪ್ರಾರ್ಥನೆಯಲ್ಲಿ ದನಿಗೂಡಿಸಿದರೆ ಸದ್ಯಕ್ಕೆ ಅಷ್ಟೇ ಸಾಕು. ಮೂರನೇ ತಿಂಗಳಲ್ಲಿ ನಿಮ್ಮ ಸಭೆಯ ಯೂತ್ ಮುಖಂಡರನ್ನೋ ಜ್ಞಾನಪೋಷಕರನ್ನೋ ಮನೆಗೆ ಊಟಕ್ಕೆ ಕರೆಯಿರಿ. ಉಪದೇಶ ಮಾಡಬೇಡಿ ಎಂದು ಅವರಿಗೆ ಮೊದಲೇ ಹೇಳಿಡಿ, ಪರಿಚಯ ಬೆಳೆಯಲಿ. ಪರೀಕ್ಷೆಯ ವಾರ ಬಂದರೆ ನಿಲ್ಲಿಸದೆ ಐದು ನಿಮಿಷಕ್ಕೆ ಇಳಿಸಿ: ಒಂದು ಕೀರ್ತನೆ, ಒಂದು ಪ್ರಾರ್ಥನೆ.